ಜವ್ಹಾರ್‌ನ ಹೊಸ್ತಿಲಿಗೆ ಒಂದು ಡಬ್ಬಿ ಬಂಗುಡೆ

ಮುಂಬಯಿಯ ಅಂಚಿನ ದಹಿಸರ್ ನಾಕಾ ದಾಟುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಸಣ್ಣ ಕಾರುಗಳಿಗೆ ಅಲ್ಲೀಗ ಟೋಲ್ ಇಲ್ಲ, ಜಾಮ್ ಮಾತ್ರ ಮೊದಲಿನ ಹಾಗೆಯೇ ಇದೆ. ವಸಾಯಿ ಖಾಡಿಯ ಸೇತುವೆಯ ಮೇಲೆ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಅಮ್ಮ ಮಡಿಲಿನ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಅದರಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಇತ್ತು. ಹುಳಿ, ಮೆಣಸು ಧಾರಾಳ ಹಾಕಿ, ತೆಂಗಿನಕಾಯಿ ಸೋಕಿಸದೆ ಮಾಡಿದ್ದು. ಎರಡು ದಿನ ಕೆಡುವುದಿಲ್ಲ. ಎಪ್ಪತ್ತು ದಾಟಿದ ಅಮ್ಮ ಅದನ್ನು ಹಿಂದಿನ ಸೀಟಿನಲ್ಲಿಡಲು ಒಪ್ಪಲೇ ಇಲ್ಲ. ಗೋರೆಗಾಂವ್‌ನ ನನ್ನ ಆಫೀಸಿನಲ್ಲಿ ರಜೆ ಕೇಳುವಾಗ 'ಫ್ಯಾಮಿಲಿ ಟ್ರಿಪ್' ಎಂದಿದ್ದೆ. ಸುಳ್ಳೇನಲ್ಲ.

ನಾವು ಹೊರಟಿದ್ದು ರಾಘು ಮಾಮನನ್ನು ಮನೆಗೆ ಕರೆತರಲು. ಅವನು ಅಮ್ಮನ ತಮ್ಮ. ಕಳೆದ ಮಳೆಗಾಲದಲ್ಲಿ ಜವ್ಹಾರ್ ಎಂಬ ಊರಿನಲ್ಲಿ ತೀರಿಕೊಂಡ. ಸುದ್ದಿ ನಮಗೆ ಮುಟ್ಟಿದ್ದು ದೀಪಾವಳಿ ಕಳೆದ ಮೇಲೆ. ನಮ್ಮ ತುಳುವರಲ್ಲಿ ಸತ್ತವರನ್ನು ಹೊರಗೆ ಬಿಡುವ ಪದ್ಧತಿ ಇಲ್ಲ. ಅವರಿಗೆ ಇಷ್ಟವಾದುದನ್ನು ಎಲೆಯಲ್ಲಿ ಬಡಿಸಿ, ಹೆಸರು ಹಿಡಿದು ಒಳಗೆ ಕರೆಯುತ್ತೇವೆ. ಹಾಗೆ ಕರೆದ ಮೇಲೆಯೇ ಅವರು ಮನೆಯ ಹಿರಿಯರ ಜೊತೆ ಸೇರುವುದು. ಕರೆಯದೆ ಬಿಟ್ಟವರು ಅಂಗಳದಲ್ಲೇ ನಿಂತಿರುತ್ತಾರೆ ಎಂದು ನಂಬಿಕೆ.

ಈ ಅಂಗಳದ ಮಾತೇ ಅಮ್ಮನನ್ನು ಚುಚ್ಚುತ್ತಿದ್ದದ್ದು. ಮಾಮ ಹುಡುಗನಾಗಿದ್ದಾಗ ಜೋಗೇಶ್ವರಿಯಲ್ಲಿ ತನ್ನ ಅಣ್ಣನ ಹೋಟೆಲಿನಲ್ಲಿ ಚಹಾ ಮಾಡುತ್ತಿದ್ದ. ಅಲ್ಲಿ ತರಕಾರಿ ಹೆಚ್ಚಲು ಬರುತ್ತಿದ್ದ ಜವ್ಹಾರ್ ಕಡೆಯ ಯಮುನಾಳನ್ನು ಕಟ್ಟಿಕೊಂಡ. "ಅವನನ್ನು ಯಾರೂ ಒಳಗೆ ಸೇರಿಸಕೂಡದು" ಎಂದು ಅಣ್ಣ ಅಪ್ಪಣೆ ಮಾಡಿದ. ಒಂದು ದಿನ ಮಾಮ ಆಗ ದಹಿಸರ್‌ನ ಚಾಳ್‌ನಲ್ಲಿದ್ದ ನಮ್ಮ ಮನೆಗೆ ಬಂದು ಬಾಗಿಲ ಹೊರಗೆ ನಿಂತ. ಒಳಗೆ ಒಲೆಯ ಮೇಲೆ ಬಂಗುಡೆ ಕುದಿಯುತ್ತಿತ್ತು. ಅವನಿಗೆ ಅದೆಂದರೆ ಪ್ರಾಣ. ಅಮ್ಮ ಒಂದು ಲೋಟ ನೀರು ಹೊರಗೆ ಕೊಟ್ಟಳು, ಒಳಗೆ ಬಾ ಎನ್ನಲಿಲ್ಲ. ಅವನು ನೀರು ಕುಡಿದು ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋದ. ಮತ್ತೆ ಬರಲಿಲ್ಲ. ಇದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ.

ಅಪ್ಪಣೆ ಮಾಡಿದ ಅಣ್ಣನೂ ಹೋಗಿ ವರ್ಷಗಳಾದವು. ಊರಿನ ಹಿರಿಯರೊಬ್ಬರಲ್ಲಿ ಫೋನಿನಲ್ಲಿ ಕೇಳಿದಾಗ, ತಡವಾದರೂ ಕರೆಯಬಹುದು, ಆದರೆ ಅವನು ಇದ್ದ ಮನೆಯ ಹೊಸ್ತಿಲಿಗೇ ಹೋಗಿ ಕರೆದು ತರಬೇಕು ಎಂದರು. ಅಂದೇ ಅಮ್ಮ ಬಂಗುಡೆಯ ಯೋಚನೆಗೆ ಬಿದ್ದಳು. "ಕರ್ಕೊಂಡು ಬರುವ. ಆದ್ರೆ ಆ ಹೆಂಗಸಿನ ಮನೆಯಲ್ಲಿ ನನಗೆ ಒಂದು ತೊಟ್ಟು ನೀರು ಸಹ ಬೇಡ, ಈಗಲೇ ಹೇಳ್ತೇನೆ" ಎಂದಳು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಊರ ಕನ್ನಡದಲ್ಲಿ ಬರೆದಿದ್ದೇನೆ.

ಮನೋರ್‌ನಲ್ಲಿ ಹೆದ್ದಾರಿ ಬಿಟ್ಟು ಪಾಲ್ಘರ್ ಮೇಲಿನಿಂದ ಸಾತ್‌ಪಾಟಿಗೆ ಇಳಿದೆವು. ಜವ್ಹಾರ್‌ಗೆ ನೇರ ದಾರಿ ಬೇರೆ ಇದೆ. ಆದರೆ ಮಾಮನ ಮನೆ ಗೊತ್ತಿದ್ದದ್ದು ಡಹಾಣೂವಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ನಮ್ಮೂರಿನ ಸದಾಶಿವಣ್ಣನಿಗೆ ಮಾತ್ರ. ಸಾವಿನ ಸುದ್ದಿ ತಿಳಿಸಿದವರೂ ಅವರೇ. ಫೋನಿನಲ್ಲಿ ಹೇಳಿದರೆ ದಾರಿ ತಿಳಿಯದು, ಇಲ್ಲಿಗೇ ಬನ್ನಿ ಎಂದಿದ್ದರು. ಹಾಗಾಗಿ ಸಮುದ್ರದ ಬದಿಯ ದಾರಿ ಹಿಡಿದಿದ್ದೆವು. ಸಾತ್‌ಪಾಟಿಯಲ್ಲಿ ದೋಣಿಗಳು ಬಂದಿದ್ದವು. ಅಡ್ಡ ಕಟ್ಟಿದ ಬಿದಿರುಗಳ ಮೇಲೆ ಬೊಂಬಿಲ್ ಮೀನುಗಳನ್ನು ಜೋಡಿ ಜೋಡಿಯಾಗಿ ಸಿಕ್ಕಿಸಿ ಒಣಗಲು ಹಾಕಿದ್ದರು. ಮೀನುಗಾರ ಕೋಲಿ ಸಮುದಾಯದ ಹೆಂಗಸೊಬ್ಬಳು ಅಗ್ಗಕ್ಕೆ ಕೊಡುತ್ತೇನೆಂದು ಕರೆದಳು. ಅಮ್ಮ ಮೂಗಿಗೆ ಸೆರಗು ಹಿಡಿದು, "ಇದೆಂಥ ಮೀನು ಮಾರಾಯ್ತಿ, ಮೂಳೆಯೂ ಇಲ್ಲ, ಮಾನವೂ ಇಲ್ಲ" ಎಂದು ಕಾರು ಹತ್ತಿದಳು.

ಚಿಂಚಣಿಯಿಂದ ಮುಂದೆ ರಸ್ತೆ ಸಮುದ್ರವನ್ನು ಆಗಾಗ ತೋರಿಸುತ್ತ, ಮರೆಸುತ್ತ ಸಾಗುತ್ತದೆ. ಒಂದು ಕಡೆ ಗಾಳಿಮರ, ಇನ್ನೊಂದು ಕಡೆ ಚಿಕ್ಕು ತೋಟ. ಡಹಾಣೂ ತಲುಪಿದಾಗ ಊಟದ ಹೊತ್ತು. ಸದಾಶಿವಣ್ಣ ಎದ್ದು ಬಂದು ನಮಗೆ ರೈಸ್ ಪ್ಲೇಟ್ ಹಾಕಿಸಿದರು. ಜವ್ಹಾರ್ ದಾರಿಯನ್ನು ತಿರುವು ತಿರುವಾಗಿ ಹೇಳಿ, ಕೊನೆಗೆ ಅಮ್ಮನ ಕಡೆ ತಿರುಗಿದರು.

"ಅಕ್ಕ, ಯಮುನಾ ಅವರ ಹತ್ರ ಜೋರು ಮಾತಾಡ್ಬೇಡಿ. ರಾಘು ಅಲ್ಲಿ ಸುಖವಾಗಿದ್ದ."

"ಸುಖವಾಗಿದ್ರೆ ಒಳ್ಳೆದೇ" ಎಂದಳು ಅಮ್ಮ. ಆ ಮಾತಿನಲ್ಲಿ ನನಗೇನೂ ಒಳ್ಳೆಯದು ಕೇಳಿಸಲಿಲ್ಲ. ಆ ದಿನ ಡಹಾಣೂವಿನ ಲಾಡ್ಜ್‌ನಲ್ಲಿ ಉಳಿದೆವು. ಡಬ್ಬಿಯನ್ನು ಅಲ್ಲಿನ ಅಡುಗೆಮನೆಯ ಫ್ರಿಜ್‌ನಲ್ಲಿ ಇರಿಸಲು ಮ್ಯಾನೇಜರ್‌ನನ್ನು ಒಪ್ಪಿಸಿದ್ದು ನನ್ನ ಪ್ರವಾಸದ ದೊಡ್ಡ ಸಾಹಸ.

ಮರುದಿನ ಚಾರೋಟಿಯಲ್ಲಿ ಹೆದ್ದಾರಿ ದಾಟಿ ಪೂರ್ವಕ್ಕೆ ಹೊರಟೆವು. ಕಾಸಾ ಕಳೆದ ಮೇಲೆ ನೆಲ ಏಳತೊಡಗಿತು. ಭತ್ತ ಕೊಯ್ದ ಗದ್ದೆಗಳು, ಸೆಗಣಿ ಸಾರಿಸಿದ ವಾರ್ಲಿ ಆದಿವಾಸಿಗಳ ಮನೆಗಳು, ಎಲೆ ಉದುರಿಸುತ್ತಿರುವ ಸಾಗವಾನಿ ಕಾಡು. ಗಾಳಿ ತಣ್ಣಗಾಯಿತು; ಕಿಟಕಿ ಇಳಿಸಿ ಎ.ಸಿ. ಆರಿಸಿದೆ. ಮುಂಬಯಿಯಿಂದ ಅರ್ಧ ದಿನದ ದಾರಿಯಲ್ಲಿ ಇಂಥ ಬೆಟ್ಟಗಳಿರುವುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಅಮ್ಮ ಬೆಟ್ಟ ನೋಡಲಿಲ್ಲ. ಕರೆಯುವ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಜವ್ಹಾರ್ ಪೇಟೆ ಸಿಗುವ ಮೊದಲೇ, ರಸ್ತೆ ಬದಿಗೆ ಆ ಮನೆ. ಮುಂದೆ ಒಂದು ಚಹಾದ ಟಪರಿ, ಹಿಂದೆ ಹೆಂಚಿನ ಎರಡು ಕೋಣೆ. ಅಮ್ಮ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತಳು. ಒಳಗಿನಿಂದ ನೆರೆತ ಕೂದಲಿನ, ಸಪೂರ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. ಅಮ್ಮನ ಮುಖವನ್ನೇ ನೋಡಿದಳು. ಮಾಮನ ಮೂಗು, ಮಾಮನ ಹಣೆ ಅಮ್ಮನದೂ. ಆಮೇಲೆ ತುಳುವಿನಲ್ಲಿ ಹೇಳಿದಳು:

"ಉಲಾಯಿ ಬಲೆ, ಅಕ್ಕ."

ಒಳಗೆ ಬನ್ನಿ ಎಂದರ್ಥ. ಅಮ್ಮ ತುಟಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತು ಅದೇ. ಅದನ್ನು ಆ ಹೆಂಗಸು ಮೊದಲು ಹೇಳಿಬಿಟ್ಟಳು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಗೋಡೆಯ ಮೇಲೆ ಮಾಮನ ಫೋಟೋ. ಬೊಕ್ಕ ತಲೆ, ಬಿಳಿ ಮೀಸೆ. ನಾನು ರಸ್ತೆಯಲ್ಲಿ ಕಂಡಿದ್ದರೆ ಗುರುತಿಸುತ್ತಿರಲಿಲ್ಲ. ಯಮುನಾ ಮಾಮಿ ಮರಾಠಿಯಲ್ಲಿ ಮೆಲ್ಲಗೆ ಹೇಳತೊಡಗಿದರು. "ನನ್ನನ್ನು ಕರೆಯಲಿಕ್ಕೆ ಯಾರೂ ಬರಲಿಕ್ಕಿಲ್ಲ, ನೀನೇ ಕರಿ ಅಂದಿದ್ದರು. ಹೇಗೆ ಅಂತ ಕಲಿಸಿಯೂ ಇದ್ದರು. ಎಲೆ ಹಾಕಿದೆ, ದೀಪ ಇಟ್ಟೆ, ಬಾಗಿಲು ತೆರೆದು ಒಳಗೆ ಕರೆದೆ. ನಾನು ನಿಮ್ಮವಳಲ್ಲ. ಕರೆದದ್ದು ತಪ್ಪಾಯಿತಾ, ಅಕ್ಕ?"

ಅಮ್ಮ ತನ್ನ ಹರಕು ಮರಾಠಿಯಲ್ಲಿ, "ಎಲೆಗೆ ಏನು ಬಡಿಸಿದೆ?" ಎಂದು ಕೇಳಿದಳು.

"ಒಣ ಬೊಂಬಿಲ್, ರಾಗಿಯ ಭಾಕರಿ ರೊಟ್ಟಿ. ಅವರಿಗೆ ಅದೇ ಇಷ್ಟ."

"ಬಂಗುಡೆ?"

"ಬಂಗುಡೆ ಅವರು ಮುಟ್ಟುತ್ತಲೇ ಇರಲಿಲ್ಲ. ಮೀನಿನವಳು ತಂದರೂ ಬೇಡ ಅನ್ನುತ್ತಿದ್ದರು. ಯಾಕೆ ಅಂತ ಕೊನೆಯವರೆಗೂ ಹೇಳಲಿಲ್ಲ."

ಯಾಕೆಂದು ಅಮ್ಮನಿಗೆ ಗೊತ್ತಿತ್ತು. ಚಾಳ್‌ನ ಬಾಗಿಲು, ಒಲೆಯ ಮೇಲಿನ ಪಾತ್ರೆ, ಹೊಸ್ತಿಲ ಮೇಲಿನ ಲೋಟ, ಎಲ್ಲವೂ ಅವಳ ಮುಖದಲ್ಲಿ ಬಂದು ಹೋದವು. ಡಬ್ಬಿಯನ್ನು ನೆಲದ ಮೇಲಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ಮಾಮಿ ಗಾಬರಿಯಾಗಿ ನನ್ನ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ತಪ್ಪಾಗಲಿಲ್ಲ. ಕರೆಯಬೇಕಾದವಳು ಕರೆಯಲಿಲ್ಲ, ನೀನು ಕರೆದೆ. ಒಂದು ಲೋಟ ನೀರು ಕೊಡು."

ಆಮೇಲೆ ಊಟಕ್ಕೆ ಕೂತೆವು. ಅಮ್ಮ ಮೂಳೆಯೂ ಮಾನವೂ ಇಲ್ಲದ ಆ ಬೊಂಬಿಲನ್ನು ಭಾಕರಿಗೆ ಹಚ್ಚಿಕೊಂಡು ಪೂರ್ತಿ ತಿಂದಳು. ಮಾಮಿ ಪುಳಿಮುಂಚಿಯ ಖಾರಕ್ಕೆ ಕಣ್ಣು ಮೂಗು ಸುರಿಸುತ್ತ, ಇನ್ನೊಂದು ತುಂಡು ಹಾಕಿಸಿಕೊಂಡರು. ಪಾತ್ರೆ ಬರಿದಾಗಿ ಕಳಿಸಬಾರದೆಂದು ನಮ್ಮ ಡಬ್ಬಿ ತೊಳೆದು ಒಣ ಬೊಂಬಿಲ್ ತುಂಬಿಸಿದರು.

ಹೊರಡುವಾಗ ಅಮ್ಮ ಹೊಸ್ತಿಲಲ್ಲಿ ನಿಂತು ಒಳಗೆ ತಿರುಗಿದಳು. ಮಾಮನನ್ನು ಕರೆಯಬೇಕಿದ್ದ ಜಾಗ ಅದು. ನಾನು ಕಾರಿನ ಬಾಗಿಲು ತೆರೆದು ಹಾಗೆಯೇ ನಿಂತೆ.

"ರಾಘೂ, ನಾವು ಹೋಗಿ ಬರ್ತೇವೆ" ಎಂದಳು. ಬಾ ಎಂದು ಕರೆಯಲಿಲ್ಲ.

ವಿಕ್ರಮ್‌ಗಡದ ಮೇಲಿನಿಂದ ಮನೋರ್‌ಗೆ ಇಳಿದು ಮತ್ತೆ ಹೆದ್ದಾರಿಯ ಲಾರಿಗಳ ನಡುವೆ ಸೇರಿದೆವು. ದಹಿಸರ್ ಮುಟ್ಟುವಷ್ಟರಲ್ಲಿ ಬಿಲ್ಡಿಂಗಿನ ದೀಪಗಳು ಹೊತ್ತಿದ್ದವು. ಲಿಫ್ಟಿನಲ್ಲಿದ್ದ ಪಕ್ಕದ ಮನೆಯವರು ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಂಡರು. ಅಮ್ಮ ಅದನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡಳು. ಮನೆಯೊಳಗೆ ಮಾಮನಿಗೆಂದು ನಾವು ಹಾಕಿಟ್ಟು ಹೋಗಿದ್ದ ಮಣೆ ಹಾಗೆಯೇ ಇತ್ತು. ಅಮ್ಮ ಅದನ್ನು ಎತ್ತಲಿಲ್ಲ. ಚಪ್ಪಲಿ ಬಿಟ್ಟವಳೇ ನನ್ನ ಫೋನ್ ಕೇಳಿ ಜವ್ಹಾರ್‌ಗೆ ಹಚ್ಚಿಸಿದಳು.

"ಯಮುನಾ, ಮುಟ್ಟಿದೆವು. ಬರುವ ತಿಂಗಳು ನೀನು ಇಲ್ಲಿಗೆ ಬರಬೇಕು. ಬಂದು ಹೊರಗೆ ನಿಲ್ಲಬೇಡ, ಗೊತ್ತಾಯ್ತಾ? ಬಾಗಿಲು ತಟ್ಟುವುದೂ ಬೇಡ. ಸೀದಾ ಒಳಗೆ ಬಾ."