ಬೆಳಂಬಾರದ ಕಲ್ಲುಕಮಾನು ಬಿದ್ದ ಸಂಜೆ

ಬೆಳಂಬಾರದ ಕಲ್ಲುಕಮಾನನ್ನು ಅದುವರೆಗೆ ನಾನು ಚಿತ್ರಗಳಲ್ಲಷ್ಟೇ ನೋಡಿದ್ದೆ. ಆ ಸಂಜೆ ಅದರ ಎದುರಿನ ದಡದಲ್ಲಿ ನಿಂತಿದ್ದೆ. ಗುಡ್ಡದ ತುದಿಯಿಂದ ಕಡಲಿಗೆ ಚಾಚಿದ ಕಪ್ಪು ಬಂಡೆಯನ್ನು ಅಲೆಗಳೇ ಕೊರೆದು ದೊಡ್ಡ ಬಾಗಿಲು ಮಾಡಿದ್ದವು.

ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ಮೀನುಗಾರ ಗಂಡನಿಗಾಗಿ ಕಾಯುತ್ತಿದ್ದ ಮಾದೇವಿ, "ನಮ್ಮ ಮನೆಯವ್ರು ಇದರಡಿಗೇ ಬರೂದು ಅಕ್ಕೋರೆ. ಸುತ್ತಿ ಬಂದ್ರೆ ಹೊತ್ತಾಗ್ತದೆ," ಎಂದರು. "ಅಗೊ, ಅದೇ ನಮ್ಮ ದೋಣಿ."

ಕಮಾನಿನೊಳಗಿಂದ ಆಚೆ ದೋಣಿ ಕಾಣುತ್ತಿತ್ತು. ಅಷ್ಟರಲ್ಲಿ ಬಂಡೆಯ ಬಿರುಕುಗಳಿಂದ ಪಾರಿವಾಳಗಳೆಲ್ಲ ಒಮ್ಮೆಗೇ ಹೊರಬಿದ್ದವು. ಮರುಕ್ಷಣ ಕಮಾನು ನಡುವೆ ಮುರಿದು ಕುಸಿಯಿತು. ಕಾಲಡಿಯ ಮರಳು ನಡುಗಿತು. ಬಿಳಿ ನೀರು ಗುಡ್ಡದೆತ್ತರಕ್ಕೆ ಎದ್ದು ದೋಣಿಯನ್ನು ಮರೆಮಾಡಿತು.

ಮಾದೇವಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನೀರು ಇಳಿದಾಗ ಕಂಡದ್ದು ಎರಡು ಬಂಡೆಗಳ ನಡುವೆ ತೆರೆದುಕೊಂಡ ಆಕಾಶ, ಅದರ ಕೆಳಗೆ ಹೊಯ್ದಾಡುತ್ತಿದ್ದ ದೋಣಿ. ಬಿದ್ದ ಕಲ್ಲುಗಳನ್ನು ದೂರದಿಂದ ಬಳಸಿಕೊಂಡು ಅದು ನಿಧಾನವಾಗಿ ದಡಕ್ಕೆ ಬಂತು. ತೊಯ್ದು ತೊಪ್ಪೆಯಾಗಿದ್ದ ಗಂಡ ಕೆಳಗಿಳಿದು, "ಬಲೆ ಕಲ್ಲಿಗೆ ಸಿಕ್ಕಿತ್ತು. ಬಿಡಿಸ್ತಾ ನಿಂತೆ, ಅದಕ್ಕೇ ತಡ ಆಯ್ತು," ಎಂದರು.

"ಬಲೆ?"

"ಹರೀತು."

"ಹರೀಲಿ ಬಿಡ್ರಿ," ಎಂದ ಮಾದೇವಿ ಸೆರಗಿನಿಂದ ಗಂಡನ ತಲೆ ಒರೆಸತೊಡಗಿದರು. ಅವರು ತಲೆಯನ್ನು ಹೆಂಡತಿಯ ಕೈಗೆ ಒಪ್ಪಿಸಿ, ಬರೀ ಆಕಾಶ ಉಳಿದಿದ್ದ ಆ ಜಾಗವನ್ನೇ ನೋಡುತ್ತ ನಿಂತಿದ್ದರು.