ಟೇಪಿನ ಆ ತುದಿ

ನಾಗಪುರದ ಒಂದು ಕಾಲೇಜಿನಲ್ಲಿ ನಾನು ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತೇನೆ. ಇಂಗ್ಲೆಂಡಿನ ಕೋಟೆಗಳ ಪಾಠ ಬಂದಾಗ, ಅಲ್ಲಿ ದೆವ್ವಗಳಿರುವುದು ನಿಜವೇ ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಚಿಮಣಿಯಲ್ಲಿ ಗಾಳಿ ನುಗ್ಗಿದರೆ ಊಳಿಡುತ್ತದೆ, ಹಳೇ ತೊಲೆ ಚಳಿಗೆ ಲಟಕ್ಕೆನ್ನುತ್ತದೆ, ಮುಂದಿನ ಪುಟ ತೆಗೆಯಿರಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಮೊದಲಿನ ಜೋರು ಇಲ್ಲ.

ಕಾಮಠಿ ರಸ್ತೆಯಿಂದ ಸ್ವಲ್ಪ ಒಳಗೆ ಜನ ‘ಕಿಲ್ಲಾ ಬಂಗ್ಲಾ’ ಎನ್ನುತ್ತಿದ್ದ ಮನೆಯೊಂದಿತ್ತು. ಮ್ಯಾಂಗನೀಸ್ ಗಣಿ ನಡೆಸುತ್ತಿದ್ದ ಯಾರೋ ಇಂಗ್ಲಿಷ್ ಸಾಹೇಬ ತನ್ನೂರಿನ ಜಮೀನ್ದಾರರ ಮನೆಯನ್ನು ನೆನೆದು ಕಟ್ಟಿಸಿದ್ದಂತೆ. ಮೇಲೆ ಕೋಟೆಯ ತೆನೆಗಳು, ಹಾಲ್‌ನಲ್ಲಿ ಆಳೆತ್ತರದ ಬೆಂಕಿಗೂಡು. ನಾಗಪುರದ ಬಿಸಿಲಿನಲ್ಲಿ ಬೆಂಕಿಗೂಡು ಕಟ್ಟಿಸಿದವನ ಬುದ್ಧಿಗೆ ನಾನು ನಕ್ಕಿದ್ದೆ. ಆಮೇಲೆ ಪಾಪ ಅನ್ನಿಸಿತು, ಮನೆಯ ನೆನಪು ಯಾರನ್ನು ಬಿಟ್ಟಿದೆ. ಒಂದು ಮೂಲೆಗೆ ಚೌಕ ಬುರುಜು, ಅದರೊಳಗೆ ಸುತ್ತುಮೆಟ್ಟಿಲು, ಗೋಡೆಯಲ್ಲಿ ಬಾಣಗಂಡಿ. ಬಾಣಗಂಡಿ ಎಂದರೆ ಹೊರಗಿನಿಂದ ನೋಡಿದರೆ ಬರೀ ಸೀಳು, ಒಳಗೆ ಬರಬರುತ್ತ ಅಗಲ. ಒಳಗಿದ್ದವನಿಗೆ ಹೊರಗಿನದೆಲ್ಲ ಕಾಣಬೇಕು, ಅವನು ಮಾತ್ರ ಯಾರಿಗೂ ಕಾಣಬಾರದು.

ಮನೆಯನ್ನು ಮುಂದಿನ ಸೋಮವಾರ ಕೆಡವುವವರಿದ್ದರು. ನಕ್ಷೆಯಲ್ಲಾದರೂ ಉಳಿಯಲಿ ಎಂದು ಅಳತೆಗೆ ಹೊರಟೆ. ಮೇ ತಿಂಗಳು, ವಿದ್ಯಾರ್ಥಿಗಳೆಲ್ಲ ರಜೆಯಲ್ಲಿದ್ದರು. ಜೊತೆಗೆ ಬಂದವರು ನಮ್ಮ ಪಕ್ಕದ ಮನೆಯ ಕಾಕಾ. ವಿಜಯಪುರದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು, ಎಪ್ಪತ್ತು ದಾಟಿತ್ತು. ಕಿವಿ ಸ್ವಲ್ಪ ಮಂದ. ದೂರ ಅಳೆಯುವ ನನ್ನ ಲೇಸರ್ ಯಂತ್ರವನ್ನು ಕಂಡರೆ ಅವರಿಗಾಗದು. “ಅದಕ್ಕ ಕಣ್ಣ ಅದ, ಕೈ ಇಲ್ಲ. ಟೇಪ್ ತಗೋ,” ಎಂದರು.

ಅವರ ಹೆಂಡತಿ ಕಾಕು ಬಾಗಿಲ ತನಕ ಬಂದು, ಬಿಸಿಲು ತಾಗದಿರಲೆಂದು ಇಲ್ಲಿಯವರು ಮಾಡುವ ಹಾಗೆ ಗಂಡನ ಜೇಬಿಗೆ ಒಂದು ಉಳ್ಳಾಗಡ್ಡಿ ಹಾಕಿದರು. “ಹನ್ನೆರಡರೊಳಗ ಮನೀಗೆ ಕರಕೊಂಡು ಬರಬೇಕು ನೋಡವಾ. ನಿನ್ನ ಮ್ಯಾಲ ಬಿಟ್ಟೀನಿ,” ಎಂದರು. ನಾನು ಹೂಂ ಎಂದೆ.

ಅಳತೆಯಲ್ಲಿ ಟೇಪಿನ ಸೊನ್ನೆಯ ತುದಿಯನ್ನು ಒಬ್ಬರು ಮೂಲೆಗೆ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಈ ಕಡೆ ಓದುತ್ತಾರೆ. ಕೂಗಿದರೆ ಕಾಕಾಗೆ ಕೇಳದ್ದರಿಂದ ಅವರದೇ ಒಂದು ಪದ್ಧತಿಯಿತ್ತು. ಎರಡು ಸಲ ಜಗ್ಗಿದರೆ ಹಿಡಿದಿದ್ದೇನೆ ಎಂದು, ಮೂರು ಸಲ ಜಗ್ಗಿದರೆ ಬಾ ಎಂದು.

ಹನ್ನೊಂದರ ಸುಮಾರಿಗೆ ಬುರುಜಿನ ಮಾಳಿಗೆ ಕೋಣೆಯೊಂದೇ ಅಳೆಯಲು ಉಳಿದಿತ್ತು. ನಾನು ಅದಕ್ಕೆ ತಾಗಿದ, ಚಾವಣಿ ಬಿದ್ದುಹೋಗಿದ್ದ ಮೇಲಿನ ಹಜಾರದಲ್ಲಿ ನಿಂತಿದ್ದೆ. ಕಣ್ಣು ಕುಕ್ಕುವ ಬಿಸಿಲು. ದಪ್ಪ ಗೋಡೆಯ ಬಾಗಿಲಾಚೆ ಕತ್ತಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಒಟ್ಟು ನಾಲ್ಕು ಅಳತೆ. ನಾನು ಒಂದು ಕಡೆ ನಿಂತು ಕೋಣೆಯ ಎಡಮೂಲೆ, ಬಲಮೂಲೆ ಓದುವುದು, ಆಮೇಲೆ ಜಾಗ ಬದಲಿಸಿ ಬಲಮೂಲೆ, ಎಡಮೂಲೆ ಓದುವುದು. ಕಾಕಾ ತುದಿ ಹಿಡಿದು ಒಳಗೆ ಹೋದರು. ಪ್ರತಿ ಸಲ ಟೇಪು ಎರಡು ಬಾರಿ ಜಗ್ಗಿತು, ನಾನು ಓದಿ ಬರೆದುಕೊಂಡೆ. ನಾಲ್ಕೂ ಮುಗಿದವು.

ನಾನು ಲೆಕ್ಕ ಕೂಡಿಸುತ್ತಿದ್ದಾಗ ಟೇಪು ಮೂರು ಸಲ ಜಗ್ಗಿತು. “ಬಂದೆ, ತಡೀರಿ,” ಎಂದು ಗೊಣಗಿದೆ. ಮತ್ತೆ ಮೂರು ಸಲ. ಈ ಸಲ ಎಷ್ಟು ಜೋರೆಂದರೆ ಟೇಪು ಕೈಯಿಂದ ಜಾರಿ ಬೆರಳು ಕುಯ್ದಿತು. ಮುದುಕನಿಗೆ ಏನು ಅವಸರವೋ ಎಂದು ಸಿಟ್ಟಿನಲ್ಲೇ ಟೇಪು ಸುತ್ತಿಕೊಳ್ಳುತ್ತ ಒಳಗೆ ಹೋದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಟೇಪಿನ ತುದಿ ಬಾಣಗಂಡಿಯ ಕಟ್ಟೆಯ ಮೇಲಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದಾಗ ಸೀಳಿನಿಂದ ಹಿತ್ತಲು ಕಂಡಿತು. ಬಿಸಿಲಲ್ಲಿ ಕಾಕಾ ಮಗ್ಗುಲಾಗಿ ಬಿದ್ದಿದ್ದರು. ಟೊಪ್ಪಿಗೆ ಒಂದು ಕಡೆ, ಉಳ್ಳಾಗಡ್ಡಿ ಒಂದು ಕಡೆ.

ಸುತ್ತುಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಕೂಗಿದ್ದಕ್ಕೆ ಮುಂದಿನ ಗೇಟಿನ ಚೌಕಿದಾರ ಓಡಿಬಂದ. ನೆರಳಿಗೆಳೆದು, ತಲೆಯ ಮೇಲೆ ನೀರು ಸುರಿದು, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕಾಕು ಬಂದಾಗ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರೇ ನನ್ನ ಕೈ ಹಿಡಿದು, “ಸರಿಯಾದ ಹೊತ್ತಿಗೆ ನೋಡಿದಿ ತಾಯಿ,” ಎಂದು ಅತ್ತರು. ನಾನೂ ಅತ್ತೆ.

ಮೂರನೆಯ ದಿನ ಕಾಕಾ ಮಾತಾಡಿದರು. “ಮೊದಲನೇ ಅಳತಿ ಆದಕೂಡಲೇ ತಲಿ ತಿರಗಿತು. ಟೇಪ್ ನೆಲಕ್ಕಿಟ್ಟು ನೀರು ಕುಡದು ಜಲ್ದಿ ಬರೋಣಂತ ಒಳಗಿನ ಸುತ್ತುಮೆಟ್ಟಲದಾಗ ಕೆಳಗ ಇಳದೆ. ನಿನಗ ಹೇಳಿದ್ರ ಬೈತಿ ಅಂತ ಹೇಳಲಿಲ್ಲ.”

“ಉಳಿದ ಮೂರು ಯಾರು ಹಿಡಿದರು ಕಾಕಾ?”

“ಯಾವ ಮೂರು?” ಎಂದರು.

ಟೇಪು ಎಲ್ಲೋ ಬಿರುಕಿಗೆ ಸಿಕ್ಕಿರಬೇಕು, ಜಗ್ಗಿದ್ದು ಗಾಳಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೆ ಅಳತೆ ಹಾಳಾಗಿರಬೇಕಿತ್ತು. ಮನೆಗೆ ಬಂದು ನಾಲ್ಕನ್ನೂ ಕಾಗದಕ್ಕಿಳಿಸಿದೆ. ಗೋಡೆಯ ದಪ್ಪ ಕಳೆದು ನೋಡಿದರೆ, ಕಾಕಾ ಬಿದ್ದ ಹಿಂದಿನ ದಿನ ನಾನು ಹೊರಗಿನಿಂದ ತೆಗೆದಿದ್ದ ಬುರುಜಿನ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಅಂದರೆ ಟೇಪಿನ ತುದಿ ಎಡಮೂಲೆಯಿಂದ ಬಲಮೂಲೆಗೆ ಹೋಗಿ, ಮತ್ತೆ ಎಡಕ್ಕೆ ಬಂದಿತ್ತು. ನಾನು ಕೂಗುವ ತನಕ ಗೇಟು ಬಿಟ್ಟು ಕದಲಿಲ್ಲ ಎಂದು ಚೌಕಿದಾರ ಆಣೆ ಮಾಡುತ್ತಾನೆ. ಅಳತೆ ಹಿಡಿಯುವುದು ಅವನಿಗೆ ಗೊತ್ತೂ ಇಲ್ಲ.

ಮನೆ ಈಗಿಲ್ಲ. ನಕ್ಷೆ ಇದೆ. ಅದರ ಕೆಳಗೆ ‘ಅಳತೆ ತೆಗೆದವರು’ ಎಂದು ನಮ್ಮಿಬ್ಬರ ಹೆಸರು ಬರೆದು ಕಾಕಾಗೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಬುರುಜಿನ ನಾಲ್ಕೂ ಅಳತೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಪೆನ್ಸಿಲ್ ಇಸಿದುಕೊಂಡು, ಎರಡು ಹೆಸರಿನ ಕೆಳಗೆ ಇನ್ನೊಂದು ಹೆಸರಿಗಾಗುವಷ್ಟು ಗೆರೆ ಎಳೆದರು.

“ಬರೋಬರ್ ಹಿಡದಾರ,” ಎಂದರು. “ಜಾಗಾ ಇರಲಿ.”

ಆ ಗೆರೆಯ ಮೇಲೆ ಏನು ಬರೆಯಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಳಿಸುವುದಕ್ಕೂ ಕೈ ಬಂದಿಲ್ಲ.