ಪರದೆಯ ಹಿಂದಿನ ರಾಟೆ

ಬನಹಟ್ಟಿಯ ದಾವಲಬಿ ಮನೆಮುಂದಿನ ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡೇ ಮುದುಕಿಯಾದವಳು. ಮೊದಲು ಗಂಡನ ಕೈಮಗ್ಗಕ್ಕೆ, ಅವನು ತೀರಿಹೋದ ಮೇಲೆ ಮಗ ರಾಜೇಸಾಬನ ಮಗ್ಗಕ್ಕೆ, ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತಿ ಕೊಡುವುದು ಅವಳ ಕೆಲಸ. ಎದುರು ಕಟ್ಟೆಯಲ್ಲಿ ಶಿವವ್ವನ ರಾಟೆ. ಊರಿನ ಹುಳುಕೆಲ್ಲ ಆ ಎರಡು ಕಟ್ಟೆಗಳ ನಡುವೆ ಹಾದೇ ಹೋಗಬೇಕು.

ಹೋದ ವರ್ಷ ಓಣಿಯ ಮುಸಲ್ಮಾನ ಹಿರಿಯರು ಸೇರಿ, ತಮ್ಮ ಮನೆಗಳ ಹೆಂಗಸರು ಬೀದಿಗೆ ಮುಖ ಮಾಡಿ ಕೂರುವುದು ಧರ್ಮಕ್ಕೆ ಸಲ್ಲದು ಎಂದರು. ಹಾಗೆಂದವರೆಲ್ಲ ಬೀದಿಗೆ ಮುಖ ಮಾಡಿಯೇ ಕೂತಿದ್ದರು. ಹೆಂಗಸರನ್ನು ಯಾರೂ ಕೇಳಲಿಲ್ಲ, ಕೇಳುವ ರೂಢಿಯೂ ಇಲ್ಲ. ದರ್ಗಾಕ್ಕೆ ಹೋಗುವುದಂತೂ ಅದಕ್ಕೂ ಮೊದಲೇ ನಿಂತಿತ್ತು. ರಾಜೇಸಾಬ ಬಾಗಿಲಿಗೆ ದಪ್ಪ ಪರದೆ ಕಟ್ಟಿ ರಾಟೆಯನ್ನು ಒಳಗಿಟ್ಟ. ಕಿಟಕಿಯಿಲ್ಲದ ಕೋಣೆ, ಒಂದು ಬಲ್ಬು, ಅದೂ ಕರೆಂಟಿನ ದಯೆ.

"ಎಳಿ ಕಾಣಂಗಿಲ್ಲೋ ಬೇಟಾ," ಎಂದಳು.

"ಕುಣ್ಯಾಕ ಬರಲಾರದಾಕಿ ನೆಲಾ ಡೊಂಕ ಅಂದಳಂತ," ಎಂದು ಅವನು ನಕ್ಕ.

ಒಂದು ದಿನ ಆಗಬಾರದ್ದು ಆಯಿತು. ಕಪ್ಪು ಕಂಡಿಕೆಗಳ ನಡುವೆ ಕಡುನೀಲಿಯದೊಂದು ಸೇರಿಕೊಂಡು, ನೇಯ್ದ ಸೀರೆಯ ಒಡಲಲ್ಲಿ ಅಡ್ಡ ಪಟ್ಟೆ ಎದ್ದಿತು. ಇಂಥ ತಪ್ಪು ಹೊಸ ಸೊಸೆ ಮಾಡಬೇಕು, ದಾವಲಬಿಯಲ್ಲ. ನಾಚಿಕೆಗೆ ಅವಳಿಗೆ ಊಟ ಸೇರಲಿಲ್ಲ.

"ಅಮ್ಮಾನ ಕಣ್ಣ ಹೋಗ್ಯಾವು," ಎಂದು ಓಣಿಗೆಲ್ಲ ಹೇಳಿದ ರಾಜೇಸಾಬ ಅವಳನ್ನು ಜಮಖಂಡಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಸ್ಸಿನಲ್ಲಿ ಬುರ್ಖಾದೊಳಗೆ ಬೆವರುತ್ತ ಕೂತ ದಾವಲಬಿಗೆ ಒಂದೇ ಆಸೆ. ತಾನು ಹೇಳಿ ಸೋತ ಮಾತು ಡಾಕ್ಟರ ಬಾಯಿಂದಾದರೂ ಬರಲಿ, ಕಟ್ಟೆ ಮತ್ತೆ ಸಿಗಲಿ.

ಬಂತು. "ಈ ವಯಸ್ಸಿಗೆ ಕಣ್ಣು ಛಲೋ ಅದಾವ್ರಿ. ಕತ್ತಲದಾಗ ನೂಲು ಸುತ್ತಬ್ಯಾಡ್ರಿ, ಹೊರಗ ಬೆಳಕಿನಾಗ ಕೂಡ್ರಿ."

ರಾಜೇಸಾಬ ತಲೆಯಾಡಿಸಿದ. ಕೆಟ್ಟವನಲ್ಲ ಅವನು, ಬಸ್ಸಿಳಿಯುವಾಗ ತಾಯಿಯ ಕೈ ಹಿಡಿದುಕೊಂಡ. ಹಿರಿಯರ ಮಾತು ಮೀರುವ ಎದೆಗಾರಿಕೆ ಇಲ್ಲ, ಅಷ್ಟೆ.

ಓಣಿಗೆ ಬರುತ್ತಲೇ ಎದುರು ಕಟ್ಟೆಯಿಂದ ಶಿವವ್ವ ಕೂಗಿದಳು: "ಡಾಕ್ಟರ್ ಏನಂದ್ರ ಬೇ ದಾವಲಬಿ?"

"ಕಣ್ಣು ಛಲೋ ಅದಾವಂತ ಬೇ."

ದಾವಲಬಿ ತನ್ನ ಕಟ್ಟೆಯ ಹತ್ತಿರ ನಿಂತು ಮಗನ ಮುಖ ನೋಡಿದಳು. ಅವನು ಮೆಟ್ಟಿಲು ಹತ್ತಿ ಪರದೆಗೆ ಕೈ ಹಾಕಿದಾಗ ಬಿಚ್ಚುತ್ತಾನೆಂದೇ ಅಂದುಕೊಂಡಳು. ತಾಯಿ ಒಳಗೆ ಬರಲೆಂದು ಅವನು ಅದನ್ನು ಮೇಲಕ್ಕೆತ್ತಿ ಹಿಡಿದುಕೊಂಡು ನಿಂತಿದ್ದ.

ಅವಳಿಗೆ ಸಿಟ್ಟೂ ಬರಲಿಲ್ಲ, ಸಾಕಾಗಿಹೋಗಿತ್ತು. ತಲೆ ತಗ್ಗಿಸಿ ಒಳಗೆ ಹೋದಳು. ಅವನು ಪರದೆ ಬಿಟ್ಟ.